ತುತ್ತು ತಡೆದ ಗಂಟು

ಮಕ್ಕಳೇ, ಈ ವಾರ ಮೊದಲು ನಿಮಗೊಂದು ಪ್ರಶ್ನೆ. ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಂತವರು ಬಾಳೆಹಣ್ಣು ನುಂಗಿದರೆ ಅದು ಹೊಟ್ಟೆಗೆ ಹೋಗುತ್ತದೆಯೋ, ಬಾಯಿಗೇ ವಾಪಸು ಬರುತ್ತದೆಯೋ? ಹೊಟ್ಟೆಗೇ ಹೋಗುತ್ತದೆ. (ಮನೆಯಲ್ಲಿ ಮಾಡಿ ನೋಡಬೇಡಿ. ನಿಮ್ಮ ಅಜ್ಜಿಯರು ನನ್ನನ್ನು ಬೈಯುತ್ತಾರೆ.) ನಾವು ನುಂಗಿದ್ದು ನಲ್ಲಿಯ ನೀರಿನ ಹಾಗೆ ತಾನಾಗಿ ಕೆಳಗೆ ಬೀಳುವುದಿಲ್ಲ. ಗಂಟಲಿನಿಂದ ಜಠರದವರೆಗೆ ಅನ್ನನಾಳ ಎಂಬ ಮೆತ್ತನೆಯ ಕೊಳವೆ ಇದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರ್, ಅಂದರೆ ನಿಮ್ಮ ದೊಡ್ಡ ಸ್ಕೇಲಿಗಿಂತ ಸ್ವಲ್ಪ ಕಡಿಮೆ. ಅದರ ಗೋಡೆಯ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆ ಅಲೆಯಾಗಿ ಹಿಂಡುತ್ತಾ ತುತ್ತನ್ನು ತಳ್ಳುತ್ತವೆ. ಸುಮಾರು ಹತ್ತು ಸೆಕೆಂಡಿನಲ್ಲಿ ತುತ್ತು ಜಠರ ಸೇರಿರುತ್ತದೆ.

ಆ ಗೋಡೆ ಪದರ ಪದರವಾಗಿದೆ. ಒಳಗಡೆ ನುಣುಪಾದ ಲೋಳೆಪೊರೆ, ಅದರಾಚೆ ಸ್ನಾಯುವಿನ ಪದರ. ಅಪರೂಪಕ್ಕೆ ಈ ಸ್ನಾಯುವಿನಲ್ಲೇ ಒಂದು ಗಂಟು ಬೆಳೆಯುವುದುಂಟು. ವೈದ್ಯರು ಅದನ್ನು ಲಿಯೋಮಯೋಮ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುತ್ತದೆ, ಇದ್ದಲ್ಲೇ ಇರುತ್ತದೆ, ಬೇರೆ ಅಂಗಗಳಿಗೆ ಹರಡುವುದಿಲ್ಲ. ಅನ್ನನಾಳದ ಗಡ್ಡೆಗಳಲ್ಲಿ ಕ್ಯಾನ್ಸರ್ ಅಲ್ಲದವು ತೀರಾ ಕಡಿಮೆ. ಆ ಕಡಿಮೆಯಲ್ಲಿ ಹೆಚ್ಚಾಗಿ ಸಿಗುವುದು ಈ ಲಿಯೋಮಯೋಮ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು, ಅದೂ ಅನ್ನನಾಳದ ನಡು ಮತ್ತು ಕೆಳಭಾಗದಲ್ಲಿ.

ಇಂಥ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನ ಷಡ್ಡಕರಿಂದ. ತುಮಕೂರು ಕಡೆಯವರು, ಆಗ ಅವರಿಗೆ ಅರವತ್ತಕ್ಕೆ ಎರಡು ಕಮ್ಮಿ. ಎರಡು ಹೊತ್ತೂ ರಾಗಿಮುದ್ದೆ ಉಂಡು ಬೆಳೆದ ಜೀವ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ ಎಂದು ನಿಮಗೆ ಗೊತ್ತಲ್ಲ. ಅಂಥವರು ಇದ್ದಕ್ಕಿದ್ದಂತೆ ಮುದ್ದೆ ಬಿಟ್ಟು ಗಂಜಿಗೆ ಬಂದರು. ಕೇಳಿದರೆ, "ವಯಸ್ಸಾಯ್ತು, ಮುದ್ದೆ ಭಾರ ಆಗುತ್ತೆ" ಎನ್ನುತ್ತಿದ್ದರು. ಮನೆಯವರೆಲ್ಲ ನಂಬಿದರು.

ಐದನೇ ಕ್ಲಾಸಿನ ಮೊಮ್ಮಗಳು ಮಾತ್ರ ನಂಬಲಿಲ್ಲ. ಪಕ್ಕದಲ್ಲಿ ಕೂತು ಉಣ್ಣುವವಳು ಅವಳೇ. ಒಂದು ದಿನ ಎಲ್ಲರೆದುರು ಕೇಳಿಯೇಬಿಟ್ಟಳು: "ತಾತಾ, ಒಂದೊಂದು ತುತ್ತಿಗೂ ಯಾಕೆ ನೀರು ಕುಡೀತೀಯ? ಎದೆ ಯಾಕೆ ಉಜ್ಜಿಕೊಳ್ತೀಯ?" ಅವರು ಉತ್ತರ ಕೊಡದೆ ಎದ್ದು ಕೈತೊಳೆಯಲು ಹೋದರಂತೆ.

ಆಮೇಲೆ ನನ್ನೊಬ್ಬನ ಹತ್ತಿರ ಹೇಳಿಕೊಂಡರು. ಅವರ ಅಣ್ಣ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರಿಗೂ ಶುರುವಾಗಿದ್ದು ಹೀಗೇ, ಮೊದಲು ಗಟ್ಟಿ ಊಟ ಇಳಿಯದೆ. "ಆಸ್ಪತ್ರೆಗೆ ಹೋದರೆ ಅದೇ ಹೆಸರು ಹೇಳ್ತಾರೆ ಭಾವ. ಹೇಳಿಸಿಕೊಳ್ಳೋದಕ್ಕೆ ಧೈರ್ಯ ಇಲ್ಲ" ಎಂದರು. ಆ ಭಯದಲ್ಲಿ ಎಂಟು ತಿಂಗಳು ಕಳೆದಿದ್ದರು. ಅವರ ಮಗ ಮತ್ತು ನಾನು ಮಾರನೆಯ ವಾರವೇ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು.

ಮೊದಲ ಪರೀಕ್ಷೆ ಬೇರಿಯಂ ಕುಡಿಸುವುದು. ಸುಣ್ಣದ ತಿಳಿಯಂತೆ ಬೆಳ್ಳಗಿರುವ ದ್ರವ. ಅದು ಇಳಿಯುವಾಗ ಎಕ್ಸ್‌ರೇ ತೆಗೆಯುತ್ತಾರೆ. ಚಿತ್ರದಲ್ಲಿ ಬಿಳಿಯ ಹೊಳೆಯೊಂದು ಒಂದು ಕಡೆ ದುಂಡನೆಯ ಬಂಡೆಯನ್ನು ಬಳಸಿ ಹರಿದ ಹಾಗೆ ಕಾಣಿಸಿತು. ಅಂಚು ನುಣುಪಾಗಿತ್ತು. ಕ್ಯಾನ್ಸರಾದರೆ ಸಾಮಾನ್ಯವಾಗಿ ಅಂಚು ಒರಟಾಗಿ, ಕೊರೆದ ಹಾಗೆ ಇರುತ್ತದೆ ಎಂದರು ವೈದ್ಯರು. ಆದರೆ ಇಷ್ಟರಿಂದಲೇ ತೀರ್ಮಾನ ಹೇಳುವ ಹಾಗಿಲ್ಲ ಎಂದೂ ಸೇರಿಸಿದರು.

ಎರಡನೆಯದು ಎಂಡೋಸ್ಕೋಪಿ. ಬಾಗುವ ಸಣ್ಣ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಒಳಗೆ ನೋಡುವುದು. ಇದರ ಕಥೆ ಮಕ್ಕಳಿಗೆ ಇಷ್ಟವಾದೀತು. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಎಂಬ ವೈದ್ಯರು ಜಠರದ ಒಳಗೆ ನೋಡಲು ನೇರವಾದ ಲೋಹದ ಕೊಳವೆ ಮಾಡಿಸಿದರು. ಅದನ್ನು ನುಂಗುವವರು ಯಾರು? ಕತ್ತಿ ನುಂಗುವ ಜಾದೂಗಾರನನ್ನೇ ಕರೆಸಿದರು! ಬಾಗುವ ಕೊಳವೆ ಬರಲು ಇನ್ನೂ ಎಂಬತ್ತೊಂಬತ್ತು ವರ್ಷ ಬೇಕಾಯಿತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ, ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಬಾಗಿಸಿ ಕಳಿಸಬಹುದೆಂದು ಪ್ರಕಟಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಶೋವಿಟ್ಸ್ ಎಂಬ ವೈದ್ಯರು ಅಮೆರಿಕದಲ್ಲಿ ಅಂಥ ಎಳೆಗಳಿಂದ ಉಪಕರಣ ತಯಾರಿಸಿ, 1957ರಲ್ಲಿ ರೋಗಿಗೆ ಹಾಕುವ ಮೊದಲು ತಾವೇ ನುಂಗಿ ನೋಡಿದರು.

ಷಡ್ಡಕರ ಅನ್ನನಾಳದಲ್ಲಿ ಗಂಟು ಉಬ್ಬಿ ನಿಂತಿತ್ತು. ಅದರ ಮೇಲಿನ ಲೋಳೆಪೊರೆಗೆ ಗಾಯವಿಲ್ಲ, ಬಣ್ಣ ಬದಲಾಗಿಲ್ಲ. ಕೊಳವೆ ಅದರ ಪಕ್ಕದಿಂದ ಸಲೀಸಾಗಿ ಜಾರಿ ಮುಂದೆ ಹೋಯಿತು. ಮಗ ಕೇಳಿದ, "ಡಾಕ್ಟ್ರೇ, ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸಿಬಿಡಿ, ಅನುಮಾನ ಬಗೆಹರಿಯಲಿ." ವೈದ್ಯರು ಬೇಡ ಎಂದರು. ಅಲ್ಲಿ ನಮಗೆ ಗಾಬರಿಯಾಯಿತು. ಪರೀಕ್ಷೆ ಬೇಡ ಎನ್ನುವ ವೈದ್ಯರೂ ಇರುತ್ತಾರೆಯೇ?

ಅವರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಗಂಟು ಇರುವುದು ಪೊರೆಯ ಕೆಳಗೆ. ಎಂಡೋಸ್ಕೋಪಿಯ ಪುಟ್ಟ ಚಿಮುಟ ಸಾಮಾನ್ಯವಾಗಿ ಪೊರೆಯನ್ನಷ್ಟೇ ಚಿವುಟುತ್ತದೆ, ಗಂಟಿನ ತನಕ ಹೋಗುವುದಿಲ್ಲ. ಮೇಲಾಗಿ ಚಿವುಟಿದ ಕಡೆ ಗಾಯ ಮಾಗುವಾಗ ಪೊರೆ ಗಂಟಿಗೆ ಅಂಟಿಕೊಳ್ಳಬಹುದು. ಆಮೇಲೆ ಗಂಟು ಬಿಡಿಸುವಾಗ ಪೊರೆ ಹರಿಯುವ ಅಪಾಯ ಹೆಚ್ಚು. ಪೊರೆಯಲ್ಲಿ ಹುಣ್ಣು ಕಂಡಿದ್ದರೆ ಚೂರು ತೆಗೆಯಲೇಬೇಕಿತ್ತು, ಇಲ್ಲಿ ಹಾಗಿಲ್ಲ ಎಂದರು.

ಅದರ ಬದಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿದರು. ಕೊಳವೆಯ ತುದಿಯಲ್ಲೇ ಪುಟ್ಟ ಸ್ಕ್ಯಾನರ್ ಇರುತ್ತದೆ. ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಕಳಿಸಿ, ಮರುದನಿಯಿಂದ ಗೋಡೆಯ ಪದರಗಳನ್ನು ಒಂದೊಂದಾಗಿ ತೋರಿಸುತ್ತದೆ. ಗಂಟು ಸ್ನಾಯುವಿನ ಪದರದಿಂದಲೇ ಎದ್ದಿತ್ತು, ಒಳಗೆಲ್ಲ ಒಂದೇ ಸಮನಾಗಿತ್ತು, ಅಂಚು ಸ್ಪಷ್ಟವಾಗಿತ್ತು. ಸಿ.ಟಿ. ಸ್ಕ್ಯಾನಿನಲ್ಲಿ ಸುತ್ತಮುತ್ತ ಏನೂ ಹರಡಿರಲಿಲ್ಲ. ಅಳತೆ 5 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ನಿಂಬೆಹಣ್ಣು. "ಲಿಯೋಮಯೋಮದ ಹಾಗೇ ಇದೆ" ಎಂದರು ವೈದ್ಯರು. ಷಡ್ಡಕರು ಆ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿಗೆ ಇಟ್ಟುಕೊಂಡರು.

ಗಂಟು ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಎಷ್ಟೋ ಸಲ ತೆಗೆಯುವುದೇ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದಿತ್ತು. ತಕ್ಷಣ ಬಗೆಹರಿಯದ ಮೊತ್ತವನ್ನು ಅಲ್ಲಿಟ್ಟು ಆಗಾಗ ತೆರೆದು ನೋಡುತ್ತಿದ್ದೆವು. ಇಟ್ಟು ಮರೆಯುವ ಹಾಗಿರಲಿಲ್ಲ. ಇಲ್ಲಿಯೂ ಅಷ್ಟೇ. ವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿಸಿ, ಬೆಳೆದಿದೆಯೇ ಎಂದು ನೋಡಬೇಕು. ಷಡ್ಡಕರದ್ದು ದೊಡ್ಡದು, ಊಟಕ್ಕೂ ಅಡ್ಡಿ. ಹಾಗಾಗಿ ತೆಗೆಯುವುದೆಂದಾಯಿತು.

ಎದೆ ಪೂರ್ತಿ ತೆರೆಯಲಿಲ್ಲ. ಪಕ್ಕೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಸ್ನಾಯುವನ್ನು ಉದ್ದಕ್ಕೆ ಬಿಡಿಸಿ, ಹಲಸಿನ ತೊಳೆಯಿಂದ ಬೀಜ ಜಾರಿಸಿದ ಹಾಗೆ ಗಂಟನ್ನು ಇಡಿಯಾಗಿ ಹೊರತೆಗೆದರು. ಒಳಗಿನ ಪೊರೆ ಹರಿದಿದೆಯೇ ಎಂದು ಪರೀಕ್ಷಿಸಿದ ಬಗೆ ಕೇಳಿ ನನಗೆ ನಗು ಬಂತು. ಆ ಜಾಗವನ್ನು ಸಲೈನ್ ನೀರಿನಲ್ಲಿ ಮುಳುಗಿಸಿ, ಬಾಯಿಯ ಕಡೆಯಿಂದ ಗಾಳಿ ಬಿಟ್ಟು, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಸೈಕಲ್ ಶಾಪಿನಲ್ಲಿ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆಯೇ! ಗುಳ್ಳೆ ಏಳಲಿಲ್ಲ. ಬಿಡಿಸಿದ ಸ್ನಾಯುವನ್ನು ಮತ್ತೆ ಹೊಲಿದರು.

ಸಣ್ಣ ಗಂಟುಗಳಿಗೆ ಈಗ ಇನ್ನೊಂದು ದಾರಿಯಿದೆ. ಜಪಾನಿನ ಹರುಹಿರೊ ಇನೊವೆ 2008ರಲ್ಲಿ, ಅನ್ನನಾಳದ ಬೇರೊಂದು ಕಾಯಿಲೆಗೆ, ಪೊರೆ ಮತ್ತು ಸ್ನಾಯುವಿನ ನಡುವೆ ಸುರಂಗ ಕೊರೆದು ಚಿಕಿತ್ಸೆ ಮಾಡಿ ತೋರಿಸಿದರು. ಅದೇ ಉಪಾಯವನ್ನು ಶಾಂಘೈನ ವೈದ್ಯರು ಗಂಟು ತೆಗೆಯಲು ಬಳಸಿದರು. ಗಂಟಿಗಿಂತ ಸ್ವಲ್ಪ ಮೇಲೆ ಪೊರೆಗೆ ಕಿಂಡಿ ಮಾಡಿ, ಮೆಟ್ರೋ ಸುರಂಗದ ಹಾಗೆ ಒಳಗಿಂದೊಳಗೆ ಹೋಗಿ, ಗಂಟು ಬಿಡಿಸಿ ಬಾಯಿಂದಲೇ ತೆಗೆದು, ಕಿಂಡಿಗೆ ಕ್ಲಿಪ್ ಹಾಕುತ್ತಾರೆ. ಮೈಮೇಲೆ ಒಂದು ಗೆರೆಯೂ ಬೀಳುವುದಿಲ್ಲ.

ತೆಗೆದ ಗಂಟು ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಕೊನೆಯ ಮಾತು ಹೇಳುವುದು ಆ ವರದಿಯೇ. ಅದರಲ್ಲೂ ಲಿಯೋಮಯೋಮ ಎಂದೇ ಬಂತು. ಷಡ್ಡಕರು ವರದಿಯನ್ನು ಮೂರು ಸಲ ಓದಿಸಿಕೊಂಡು, ತಮ್ಮ ಅಣ್ಣನ ಹೆಸರು ಹೇಳಿ ಅತ್ತರು. ಕೆಲವು ದಿನ ನೀರು, ಗಂಜಿ, ಆಮೇಲೆ ಮೆತ್ತನೆಯ ಅನ್ನ. ಮುದ್ದೆಗೆ ಅಪ್ಪಣೆ ಸಿಗಲು ಇನ್ನೂ ಕೆಲವು ವಾರ ಹಿಡಿಯಿತು.

ಹಿರಿಯರೇ, ನುಂಗಲು ತೊಂದರೆ ಎಂದರೆ ಎಲ್ಲರದ್ದೂ ಇಂಥ ಗಂಟೇ ಆಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರೂ ಹೀಗೇ ಶುರುವಾಗುತ್ತದೆ, ಅದನ್ನು ಬೇಗ ಕಂಡಷ್ಟೂ ಚಿಕಿತ್ಸೆಗೆ ದಾರಿ ಹೆಚ್ಚು. ಎರಡರಲ್ಲಿ ಯಾವುದು ಎಂದು ಮನೆಯಲ್ಲಿ ಕೂತು ಯೋಚಿಸಿದರೆ ತಿಳಿಯುವುದಿಲ್ಲ. ಗಟ್ಟಿ ಊಟ ಎದೆಯಲ್ಲಿ ನಿಂತ ಹಾಗಾದರೆ, ತುತ್ತಿಗೊಮ್ಮೆ ನೀರು ಬೇಕಾದರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರಿಗೆ ತೋರಿಸಿ. ವಯಸ್ಸಿನ ಮೇಲೆ ಹೇರಿ ಸುಮ್ಮನಿರಬೇಡಿ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ವಾರದಲ್ಲಿ ಒಂದು ದಿನವಾದರೂ ಟಿ.ವಿ. ಆರಿಸಿ, ಅಜ್ಜ ಅಜ್ಜಿಯ ಪಕ್ಕದಲ್ಲಿ ಕೂತು ಊಟ ಮಾಡಿ. ಅವರ ತಟ್ಟೆಯಲ್ಲಿ ಏನು ಉಳಿಯಿತು, ಎಷ್ಟು ಹೊತ್ತು ಹಿಡಿಯಿತು ನೋಡಿ. ಏನಾದರೂ ಬದಲಾಗಿದೆ ಅನ್ನಿಸಿದರೆ ಅಪ್ಪ ಅಮ್ಮನಿಗೆ ಹೇಳಿ. ಅಜ್ಜ ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ, ಹೇಳಿ.