ಕೊಡಲಿಗೆ ಗುಂಡು, ಕೊಂಡವನಿಗೆ ರಸೀದಿ

ವೀರಪ್ಪನ್‌ನ ಮೀಸೆ ನಮ್ಮ ನಾಡಿನ ಮಕ್ಕಳಿಗೂ ಪರಿಚಿತವಾಗಿತ್ತು. 2004ರ ಅಕ್ಟೋಬರ್‌ನಲ್ಲಿ ಆತ ಹತನಾದಾಗ ಒಂದು ಪೀಡೆ ತೊಲಗಿತೆಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಆತ ಕಡಿದ ಶ್ರೀಗಂಧವನ್ನು ಕೊಂಡವರು ಯಾರು? ಟನ್ನುಗಟ್ಟಲೆ ಗಂಧವನ್ನು ಆತನೇನೂ ಕಾಡಿನಲ್ಲಿ ಕೂತು ತೇಯ್ದು ಮೈಗೆ ಬಳಿದುಕೊಳ್ಳಲಿಲ್ಲವಲ್ಲ! ಕೊಂಡವರಲ್ಲಿ ಒಬ್ಬನ ಹೆಸರಾದರೂ ನಮಗೆ ನೆನಪಿದೆಯೇ?

2015ರ ಏಪ್ರಿಲ್ 7ರಂದು ಆಂಧ್ರದ ಶೇಷಾಚಲಂ ಕಾಡಿನಲ್ಲಿ ರಕ್ತಚಂದನ ಕಡಿಯಲು ಬಂದವರೆಂದು 20 ಮಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅವರೆಲ್ಲ ತಮಿಳುನಾಡಿನ ಬಡ ಕೂಲಿಗಳು. ಪೊಲೀಸರು ಆತ್ಮರಕ್ಷಣೆ ಎಂದರು. ಮಾನವ ಹಕ್ಕು ಸಂಘಟನೆಗಳು ಅದನ್ನು ಒಪ್ಪಲಿಲ್ಲ. ರಕ್ತಚಂದನಕ್ಕೆ ಬೆಲೆ ಕಟ್ಟುವುದು ಚೀನಾದ ಪೀಠೋಪಕರಣದ ಮಾರುಕಟ್ಟೆ. ಕೊಡಲಿಯಿಂದ ಆ ಮಾರುಕಟ್ಟೆಯವರೆಗೆ ದಲ್ಲಾಳಿಗಳಿದ್ದಾರೆ, ಗೋದಾಮುಗಳಿವೆ, ಬಂದರುಗಳಿವೆ. ಗುಂಡು ಮಾತ್ರ ಕೊಡಲಿಯ ಬಳಿಯೇ ನಿಂತುಬಿಟ್ಟಿತು.

ಇದು ಹೊರಗೆ ಹೋಗುವ ಮರದ ಕತೆ. ಒಳಗೆ ಬರುವ ಮರದ ಕತೆ ಇನ್ನೂ ವಿಚಿತ್ರವಾಗಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕಾಡುಗಳ ಮನಬಂದ ಕಡಿತಕ್ಕೆ ತಡೆ ಹಾಕಿತು. ಒಳ್ಳೆಯದೇ ಆಯಿತು. ಆದರೆ ತೇಗದ ಬಾಗಿಲು, ತೇಗದ ಮಂಚದ ಮೇಲಿನ ನಮ್ಮ ಆಸೆಗೆ ಯಾವ ಕೋರ್ಟೂ ತಡೆ ಹಾಕಲಿಲ್ಲ. ಅದು ಹಡಗು ಹತ್ತಿ ಬರ್ಮಾ, ಮಲೇಷ್ಯಾ, ಆಫ್ರಿಕಾಗಳಿಗೆ ಹೋಯಿತು. ಕಾಂಡ್ಲಾದಲ್ಲಿ, ನಮ್ಮದೇ ನವಮಂಗಳೂರು ಬಂದರಿನಲ್ಲಿ ದಿಮ್ಮಿಗಳು ಬಂದಿಳಿದವು.

ಬಂದಿಳಿದ ದಿಮ್ಮಿಯನ್ನು ನಮ್ಮ ಸರ್ಕಾರ ಏನು ಕೇಳುತ್ತದೆ? ‘ನಿನ್ನಲ್ಲಿ ಹುಳು ಇದೆಯೇ?’ ಎಂದು ಕೇಳುತ್ತದೆ. ಕೀಟವಿಲ್ಲ ಎಂಬ ಪ್ರಮಾಣಪತ್ರ ಬೇಕು, ಸುಂಕ ಕಟ್ಟಬೇಕು. ಆದರೆ ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಕೆಲವು ಜಾತಿಗಳನ್ನು ಬಿಟ್ಟರೆ, ‘ನಿನ್ನನ್ನು ಕದ್ದು ಕಡಿದರೇ?’ ಎಂದು ಕೇಳುವ ಕಾನೂನು ನಮ್ಮಲ್ಲಿಲ್ಲ. ಬರ್ಮಾ 2014ರಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. 2021ರ ಸೈನಿಕ ದಂಗೆಯ ಬಳಿಕ ಅಮೆರಿಕ, ಯುರೋಪುಗಳು ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ಭಾರತ ಹೇರಲಿಲ್ಲ.

ಕೊಂಡವನನ್ನು ಕೇಳುವುದು ಅಸಾಧ್ಯವೇನಲ್ಲ. ಅಮೆರಿಕ ತನ್ನ ಹಳೆಯ ಲೇಸಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ತಂದಿತು. ಮರ ಯಾವ ಜಾತಿಯದು, ಯಾವ ದೇಶದಲ್ಲಿ ಕಡಿದದ್ದು ಎಂದು ಆಮದುದಾರ ಘೋಷಿಸಬೇಕು. ಕದ್ದ ಮರವಾದರೆ ಶಿಕ್ಷೆ ಅವನಿಗೆ. ರಷ್ಯಾದ ಕಾಡಿನಲ್ಲಿ ಕದ್ದು ಕಡಿದ ಓಕ್ ಮರ ಚೀನಾದ ಕಾರ್ಖಾನೆ ಹೊಕ್ಕು ನೆಲದ ಹಲಗೆಯಾಗಿ ಅಮೆರಿಕ ಸೇರಿದ್ದಕ್ಕೆ ಲಂಬರ್ ಲಿಕ್ವಿಡೇಟರ್ಸ್ ಎಂಬ ಕಂಪನಿ 2016ರಲ್ಲಿ 1.3 ಕೋಟಿ ಡಾಲರಿಗೂ ಮಿಕ್ಕಿ ದಂಡ ತೆತ್ತಿತು. ಯುರೋಪಿಯನ್ ಒಕ್ಕೂಟದಲ್ಲಿ 2013ರಿಂದ ಮರದ ಮೂಲವನ್ನು ವಿಚಾರಿಸುವ ಹೊಣೆ ಆಮದುದಾರನ ಹೆಗಲಿಗೇ ಬಿತ್ತು.

‘ನಮ್ಮ ತೇಗವನ್ನು ಕಡಿದು ಹಡಗು ಕಟ್ಟಿದ ಬಿಳಿಯರಿಂದ ನಾವು ನೀತಿಪಾಠ ಕಲಿಯಬೇಕೇ?’ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸತ್ಯವಿದೆ. ಆದರೆ ಅವರ ಅಜ್ಜ ಕದ್ದಿದ್ದ ಎಂಬುದು ನಮ್ಮ ಕಳವಿಗೆ ಪರವಾನಗಿಯಾಗದು. ‘ಸಣ್ಣ ಮರದ ಮಿಲ್ಲುಗಳು ಮುಚ್ಚುತ್ತವೆ’ ಎಂಬುದು ಇನ್ನೊಂದು ಆಕ್ಷೇಪ. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಹಿತ್ತಲ ಗಂಧದ ಮರವೂ ಸರ್ಕಾರದ್ದೇ ಎಂಬ ಕಾನೂನಿದ್ದಾಗ ನಮ್ಮ ರೈತ ಗಂಧ ನೆಡಲು ಹೆದರುತ್ತಿದ್ದ. 2001ರ ತಿದ್ದುಪಡಿಯ ಮೇಲೆ ಮರ ಅವನದಾಯಿತು. ಸಣ್ಣವನನ್ನು ಹೆದರಿಸುವ ಕಾನೂನು ಮರವನ್ನೂ ಉಳಿಸದು. ಆದ್ದರಿಂದಲೇ ಲೆಕ್ಕ ಮೊದಲು ಕೇಳಬೇಕಾದದ್ದು ಹಡಗು ತರಿಸುವ ದೊಡ್ಡ ಆಮದುದಾರನನ್ನು. ಎರಡು ದಿಮ್ಮಿ ಕೊಯ್ಯುವ ಮಿಲ್ಲಿನವನನ್ನಲ್ಲ.

ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಅರಣ್ಯ ಮತ್ತು ಮರಕ್ಕೆ ಪ್ರಮಾಣೀಕರಣ ಯೋಜನೆಯೊಂದನ್ನು ತಂದಿತು. ಅದು ಸ್ವಯಂಪ್ರೇರಿತ. ಕಳ್ಳಮಾಲು ಇಟ್ಟುಕೊಂಡವನು ತಾನಾಗಿ ಮುಂದೆ ಬಂದು ಪ್ರಮಾಣಪತ್ರ ಕೇಳುತ್ತಾನೆಯೇ?

ಬಂದರಿಗೆ ಬರುವ ಪ್ರತಿ ದಿಮ್ಮಿಯ ಜಾತಿ, ದೇಶ, ಕಡಿಯಲು ಸಿಕ್ಕ ಅನುಮತಿ ಇವು ಕಡ್ಡಾಯವಾಗಿ ದಾಖಲಾಗಲಿ. ಆ ದಾಖಲೆ ಸುಳ್ಳಾದರೆ ಶಿಕ್ಷೆ ತರಿಸಿಕೊಂಡವನಿಗೆ ಆಗಲಿ. ನಮ್ಮ ಕಾಡಿನ ಕಳ್ಳಸಾಗಣೆಯ ಪ್ರತಿ ಮೊಕದ್ದಮೆಯಲ್ಲೂ ಮಾಲು ಯಾರಿಗಾಗಿ ಹೊರಟಿತ್ತು ಎಂಬುದರ ತನಿಖೆಯಾಗಲಿ. ಕೂಲಿಗೆ ಕಡಿದವನ ಹೆಣ ಕಾಡಿನಲ್ಲಿ, ಕಾಸು ಕೊಟ್ಟು ಕಡಿಸಿದವನು ಮೆತ್ತನೆಯ ಸೋಫಾದಲ್ಲಿ ಎಂಬ ವ್ಯವಸ್ಥೆಯನ್ನು ಅರಣ್ಯ ರಕ್ಷಣೆ ಎಂದು ಕರೆಯುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕು.