ಎಂಪಿಟಿ ಓದಿದವರು ಹೊಳಲ್ಕೆರೆಗೂ ಬರಲಿ

ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಸುಲಿಯಲು ಕೂತ ಹೆಣ್ಣುಮಕ್ಕಳ ಸೊಂಟ, ಮಂಡಿಗಳಿಗೆ ಬಿಡುವಿಲ್ಲ. ಹೊಸದುರ್ಗದ ತೆಂಗಿನ ತೋಟಗಳಲ್ಲಿ ಮರ ಹತ್ತುವವರು ಕಾಲು ಜಾರಿದರೆ ಬೆನ್ನುಹುರಿಗೇ ಏಟು. ಚಿತ್ರದುರ್ಗ, ಹಿರಿಯೂರುಗಳ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳ ಸುದ್ದಿ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಮುರಿದ ಮೂಳೆ ಕೂಡಿಸುವ ಆಪರೇಷನ್ ಒಂದು ದಿನದಲ್ಲಿ ಮುಗಿಯುತ್ತದೆ. ಆ ಕಾಲಿನ ಮೇಲೆ ಮನುಷ್ಯ ಮತ್ತೆ ನಡೆಯುವಂತೆ ಮಾಡಲು ತಿಂಗಳುಗಳೇ ಬೇಕು. ಅದು ಫಿಸಿಯೊಥೆರಪಿಸ್ಟರ ಕೆಲಸ. ಅವರಲ್ಲೂ ಸ್ನಾತಕೋತ್ತರ ಪದವಿ ಪಡೆದವರು, ಅಂದರೆ ಎಂಪಿಟಿ ಮುಗಿಸಿದವರು, ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಿಗೆ ಬರಬೇಕು. ಬರುವಂತೆ ಮಾಡುವ ಹೊಣೆ ಸರ್ಕಾರದ್ದು.

ಓದಿನ ದಾರಿ ಉದ್ದದ್ದು. ಪಿಯುಸಿಯಲ್ಲಿ ವಿಜ್ಞಾನ ಓದಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಬಿಪಿಟಿ ಪದವಿ ಮುಗಿಸಿ, ಆಮೇಲೆ ಎರಡು ವರ್ಷ ಎಂಪಿಟಿ. ಆರೋಗ್ಯ ಸಂಬಂಧಿ ವೃತ್ತಿಗಳ ಕುರಿತ 2021ರ ಕಾಯ್ದೆಯಂತೆ ರಚನೆಯಾದ ರಾಷ್ಟ್ರೀಯ ಆಯೋಗ 2025ರಲ್ಲಿ ಹೊರತಂದ ಹೊಸ ಪಠ್ಯಕ್ರಮ ಬಿಪಿಟಿಯನ್ನು ಐದು ವರ್ಷಕ್ಕೆ ಏರಿಸಿದೆ, ಪ್ರವೇಶಕ್ಕೆ ನೀಟ್ ಬೇಕು ಎಂದಿದೆ. ಅಲ್ಲಿಗೆ ಒಟ್ಟು ಏಳು ವರ್ಷ. ಬೆಂಗಳೂರು, ಮೈಸೂರು, ಧಾರವಾಡ, ಬೆಳಗಾವಿ, ಮಂಗಳೂರು, ಮಣಿಪಾಲಗಳಲ್ಲಿ ಹೆಸರಾದ ಕಾಲೇಜುಗಳಿವೆ. ಬಹುಪಾಲು ಖಾಸಗಿಯವು. ಹೊಸದುರ್ಗದ ರೈತನ ಮಗಳಿಗೆ ಶುಲ್ಕದ ಜೊತೆ ಊರು ಬಿಟ್ಟು ಹಾಸ್ಟೆಲ್ಲಿನಲ್ಲಿ ಇರುವ ಖರ್ಚೂ ಬೀಳುತ್ತದೆ.

ಎಂಪಿಟಿಯಲ್ಲಿ ಒಂದು ವಿಭಾಗ ಆರಿಸಿಕೊಳ್ಳಬೇಕು: ಮೂಳೆ, ಸ್ನಾಯು ಮತ್ತು ಕ್ರೀಡೆ, ನರರೋಗ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಸಮುದಾಯ ಪುನರ್ವಸತಿ ಹೀಗೆ. ರೋಗಿಗಳ ನಡುವೆ ಕೆಲಸ ಮಾಡುತ್ತಲೇ ಪ್ರಬಂಧವನ್ನೂ ಬರೆಯಬೇಕು.

ಆ ಎರಡು ವರ್ಷದಿಂದ ರೋಗಿಗೆ ಏನು ಸಿಗುತ್ತದೆ ಎಂಬುದು ಲಕ್ವ ಹೊಡೆದ ಮನೆಗಳನ್ನು ನೋಡಿದರೆ ತಿಳಿಯುತ್ತದೆ. ಪಾರ್ಶ್ವವಾಯು ಆದ ಮೊದಲ ಮೂರರಿಂದ ಆರು ತಿಂಗಳಲ್ಲಿ ಮಿದುಳು ಕಳೆದುಕೊಂಡದ್ದನ್ನು ಮರಳಿ ಕಲಿಯುವ ವೇಗ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಆ ತಿಂಗಳುಗಳೇ ಎಣ್ಣೆ ತಿಕ್ಕುವುದರಲ್ಲಿ, ಒಬ್ಬರಾದ ಮೇಲೊಬ್ಬರು ನಾಟಿ ವೈದ್ಯರನ್ನು ಹುಡುಕುವುದರಲ್ಲಿ ಕಳೆದುಹೋಗುತ್ತವೆ. ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಿ ಕೂರಿಸುತ್ತಾರೆ. ಎಳೆದದ್ದು ಪ್ರೀತಿಯಿಂದಲೇ, ಆದರೆ ಭುಜದ ಕೀಲು ಸಡಿಲವಾಗಿ ಜಾರುತ್ತದೆ, ಮುಂದೆ ನೋವಿನಿಂದ ಕೈ ಎತ್ತಲೂ ಆಗುವುದಿಲ್ಲ. ಎಲ್ಲಿ ಹಿಡಿಯಬೇಕು, ಯಾವ ಮಗ್ಗುಲಿಗೆ ಮಲಗಿಸಬೇಕು, ಎದ್ದು ನಿಲ್ಲಿಸುವುದು ಯಾವಾಗ ಎಂದು ಮನೆಯವರಿಗೆ ಹೇಳಿಕೊಡುವವರು ಹತ್ತಿರದಲ್ಲಿದ್ದರೆ ಇದನ್ನು ತಪ್ಪಿಸಬಹುದು. ಜನರ ಬಾಯಲ್ಲಿ ಫಿಸಿಯೊಥೆರಪಿ ಎಂದರೆ ‘ಕರೆಂಟ್ ಇಡುವುದು’. ಯಂತ್ರ ಇಡುವುದು ಆ ವಿದ್ಯೆಯ ಸಣ್ಣ ಭಾಗ. ರೋಗಿಯನ್ನು ಪರೀಕ್ಷಿಸಿ, ಕಾರಣ ಹುಡುಕಿ, ವಾರದಿಂದ ವಾರಕ್ಕೆ ವ್ಯಾಯಾಮ ಬದಲಿಸುತ್ತಾ ಹೋಗುವುದೇ ಮುಖ್ಯ.

ಈ ಚಿಕಿತ್ಸೆ ಮತ್ತೆ ಮತ್ತೆ ಬೇಕು, ಆದ್ದರಿಂದ ಹತ್ತಿರವೇ ಇರಬೇಕು. ಹಿರಿಯೂರಿನಿಂದ ಚಿತ್ರದುರ್ಗ ಸುಮಾರು 40 ಕಿ.ಮೀ. ಹಿರಿಯೂರು ತಾಲ್ಲೂಕಿನ ಹಳ್ಳಿಯಿಂದ ಇನ್ನೂ ದೂರ. ವಾರಕ್ಕೆ ಮೂರು ಸಲ ಹೋಗಿಬರಬೇಕಾದರೆ ಬಸ್ ಚಾರ್ಜು ಒಂದು ಕಡೆ, ಜೊತೆಗೆ ಬಂದವರ ಕೂಲಿ ಇನ್ನೊಂದು ಕಡೆ ಹೋಗುತ್ತದೆ. ಎರಡನೇ ವಾರಕ್ಕೇ ಬರುವುದು ನಿಂತರೆ ರೋಗಿಯನ್ನು ದೂರುವುದು ನ್ಯಾಯವಲ್ಲ.

ಚಿತ್ರದುರ್ಗಕ್ಕೆ ತನ್ನದೇ ಆದ ಇನ್ನೊಂದು ಕಾರಣವೂ ಉಂಟು. ಜಿಲ್ಲೆಯ ಅನೇಕ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಕೀಲುಗಳ ಸುತ್ತಲ ಕಟ್ಟುಗಳು ಗಟ್ಟಿಯಾಗಿ ಬೆನ್ನು, ಕತ್ತು, ಮಂಡಿ ಬಗ್ಗದಂತಾಗುತ್ತವೆ. ವಾಣಿವಿಲಾಸ ಸಾಗರದ ನೀರು ಬಂದಿದೆ, ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಾಗಿವೆ, ಭದ್ರಾ ಮೇಲ್ದಂಡೆಯ ನಿರೀಕ್ಷೆಯೂ ಇದೆ. ಇವೆಲ್ಲ ಮುಂದಿನ ಪೀಳಿಗೆಯನ್ನು ಕಾಯುತ್ತವೆ. ಈಗಾಗಲೇ ಸೆಟೆದ ಬೆನ್ನು ನೀರು ಬದಲಾದ ಮಾತ್ರಕ್ಕೆ ಸಡಿಲವಾಗುವುದಿಲ್ಲ. ಉಳಿದಿರುವ ಚಲನೆಯನ್ನು ಉಳಿಸಿಕೊಡಲು, ನೋವು ತಗ್ಗಿಸಲು ಫಿಸಿಯೊಥೆರಪಿ ನೆರವಾಗುತ್ತದೆ. ಸಮುದಾಯ ಪುನರ್ವಸತಿ ಓದುವವರಿಗೆ ಇದಕ್ಕಿಂತ ದೊಡ್ಡ ಅಧ್ಯಯನ ವಿಷಯ ಬೇಕೇ?

ಈ ವೃತ್ತಿ ನಮ್ಮ ದೇಶದಲ್ಲಿ ಬೆಳೆದದ್ದೂ ಜನರ ಕಷ್ಟದಿಂದಲೇ. ಪೋಲಿಯೊ ಮಕ್ಕಳ ಕಾಲು ಕಸಿಯುತ್ತಿದ್ದ 1950ರ ದಶಕದ ಆರಂಭದಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೊಥೆರಪಿ ಶಾಲೆ ಆರಂಭವಾಯಿತು. 2014ರಲ್ಲಿ ಭಾರತ ಪೋಲಿಯೊಮುಕ್ತವಾಯಿತು. ವೃತ್ತಿಯ ಅಗತ್ಯ ಮಾತ್ರ ಹೆಚ್ಚುತ್ತಲೇ ಇದೆ.

ಓದಿದ ಮಕ್ಕಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ, ಬ್ರಿಟನ್, ಅಮೆರಿಕಗಳಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಈಗ ಹೊಸಬರು ಡಾಕ್ಟರೇಟ್ ಮಟ್ಟದ ಡಿಪಿಟಿಯನ್ನೇ ಓದಬೇಕು, ಇಲ್ಲಿಂದ ಹೋದವರು ಪದವಿಯ ಮೌಲ್ಯಮಾಪನ ಮಾಡಿಸಿ ಲೈಸೆನ್ಸ್ ಪರೀಕ್ಷೆ ಬರೆಯಬೇಕು. ಅಷ್ಟು ಕಷ್ಟಪಟ್ಟು ಹೋಗುವವರದು ತಪ್ಪು ಎನ್ನಲಾಗದು. ಸ್ವಂತ ಜಿಲ್ಲೆಯಲ್ಲಿ ಕಾಯಂ ಹುದ್ದೆಯಿದ್ದು, ಓದಿಗೆ ತಕ್ಕ ಸಂಬಳ ಸಿಗುವಂತಿದ್ದರೆ ಕೆಲವರಾದರೂ ಉಳಿಯುತ್ತಾರೆ. 2021ರ ಕಾಯ್ದೆ ಫಿಸಿಯೊಥೆರಪಿಸ್ಟರು ಸ್ವತಂತ್ರವಾಗಿಯೂ ಕೆಲಸ ಮಾಡಬಹುದು ಎಂದು ಒಪ್ಪಿದೆ. ಕಾನೂನು ಕೊಟ್ಟ ಮರ್ಯಾದೆಯನ್ನು ನೇಮಕಾತಿಯೂ ಕೊಡಬೇಕು.

ಮಾಡಬೇಕಾದ್ದು ದೊಡ್ಡ ಬಜೆಟ್ಟಿನ ಕೆಲಸವೇನಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಆಸ್ಪತ್ರೆಗಳಲ್ಲಿ ಎಂಪಿಟಿ ಓದಿದ ಒಬ್ಬೊಬ್ಬರಿಗೆ ಕಾಯಂ ಹುದ್ದೆ ಕೊಡಲಿ. 2023ರಲ್ಲಿ ಶುರುವಾದ ಚಿತ್ರದುರ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ, ಬಡ ಮಕ್ಕಳ ಕೈಗೆಟುಕುವ ಶುಲ್ಕದಲ್ಲಿ ಫಿಸಿಯೊಥೆರಪಿ ಕಲಿಸಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಅವರಿಗೆ ಗೊತ್ತು. ಎಂಪಿಟಿ ವಿದ್ಯಾರ್ಥಿಗಳನ್ನು ಅವರ ಜೊತೆ ಊರೂರಿಗೆ ಕಳಿಸಲಿ. ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಹುದ್ದೆಗಳನ್ನು ಕೇಳಲಿ.