ಪೇಟೆಂಟ್ ಬೆದರಿಕೆ: ದೆಹಲಿಯ ನೋಟಿಸಿಗೆ ಧಾರವಾಡದಲ್ಲಿ ಉತ್ತರ

ಹುಬ್ಬಳ್ಳಿ: ದೇಶಪಾಂಡೆ ನಗರದಲ್ಲಿ ನಾಲ್ಕಾರು ಎಂಜಿನಿಯರುಗಳನ್ನಿಟ್ಟುಕೊಂಡು ವಿದ್ಯುನ್ಮಾನ ಉಪಕರಣ ತಯಾರಿಸುವ ಸಂಸ್ಥೆಯೊಂದಕ್ಕೆ ದೆಹಲಿಯಿಂದ ಪೇಟೆಂಟ್ ಉಲ್ಲಂಘನೆಯ ನೋಟಿಸು ಬಂತೆಂದುಕೊಳ್ಳೋಣ. ಮಾಲೀಕನನ್ನು ಮೊದಲು ಕಾಡುವುದು ಪೇಟೆಂಟಿನ ಸತ್ವವಲ್ಲ. ದೂರದ ನ್ಯಾಯಾಲಯದ ಅಲೆದಾಟ, ವಕೀಲರ ಶುಲ್ಕ. ತಾವೇನೂ ತಯಾರಿಸದೆ ಪೇಟೆಂಟ್ ಹಿಡಿದು ವಸೂಲಿಗಿಳಿಯುವ 'ಪೇಟೆಂಟ್ ಟ್ರೋಲ್'ಗಳ ಬಂಡವಾಳ ಈ ಅಂಜಿಕೆಯೇ.

ಅಮೆರಿಕದಲ್ಲಿ ಇಂಥವರಿಗೆ ಪೂರ್ವ ಟೆಕ್ಸಾಸ್‌ನ ನ್ಯಾಯಾಲಯ ಅಚ್ಚುಮೆಚ್ಚಾಗಿತ್ತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಟಿಸಿ ಹಾರ್ಟ್‌ಲ್ಯಾಂಡ್ ತೀರ್ಪಿನ ಮೂಲಕ ಈ ಆಯ್ಕೆಗೆ ಲಗಾಮು ಹಾಕಿತು. ಭಾರತದಲ್ಲಾದರೋ, ಉಲ್ಲಂಘನೆಯೆನ್ನಲಾದ ವಸ್ತು ಮಾರಾಟವಾದ ಊರಿನಲ್ಲೂ ದಾವೆ ಹೂಡಬಹುದು. 2021ರಲ್ಲಿ ಬೌದ್ಧಿಕ ಆಸ್ತಿ ವಿಭಾಗ ತೆರೆದ ದೆಹಲಿ ಹೈಕೋರ್ಟ್‌ನತ್ತ ಪೇಟೆಂಟುದಾರರು ಹೊರಳುವುದು ಸಹಜ.

ಎರಡು ಸಿಮ್ ಮೊಬೈಲಿನ ಪೇಟೆಂಟ್ ಪ್ರಕರಣ ಇಲ್ಲಿ ಪಾಠ. 2009ರಲ್ಲಿ ತಮಿಳುನಾಡಿನ ಪೇಟೆಂಟುದಾರರೊಬ್ಬರು ಸುಂಕ ಇಲಾಖೆಗೆ ದೂರಿತ್ತು ಆಮದು ಫೋನುಗಳನ್ನು ತಡೆಸಿದರು. ಸ್ಯಾಮ್‌ಸಂಗ್ ಪೇಟೆಂಟಿನ ಬುಡಕ್ಕೇ ಕೊಡಲಿಯಿಟ್ಟಿತು. 2012ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ರದ್ದುಪಡಿಸಿತು. ಆ ಮಂಡಳಿಯೂ 2021ರಲ್ಲಿ ರದ್ದಾಗಿ, ಅದರ ಕೆಲಸ ಹೈಕೋರ್ಟುಗಳಿಗೆ ಬಂತು.

ಸ್ಯಾಮ್‌ಸಂಗ್‌ಗಿದ್ದ ತಾಳಿಕೆ ಸಣ್ಣವರಿಗೆಲ್ಲಿಯದು? ಅವರಿಗೆ ಪೇಟೆಂಟ್ ಕಾಯ್ದೆಯ 106ನೇ ಕಲಂ ಉಂಟು: ಆಧಾರರಹಿತ ಬೆದರಿಕೆಯ ವಿರುದ್ಧ ನೋಟಿಸು ಪಡೆದವರೇ ಮೊದಲು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಬೆದರಿಕೆ ತಲುಪಿದ ಊರಿನಲ್ಲೇ ದಾವೆಯ ಕಾರಣ ಹುಟ್ಟಿತೆಂದು ವಾದಿಸಲು ಆಸ್ಪದವಿದೆ. ಬರಿಯ ಪೇಟೆಂಟ್ ಇದೆಯೆಂಬ ತಿಳಿವಳಿಕೆಪತ್ರ ಮಾತ್ರ ಬೆದರಿಕೆಯಾಗದು. ಆದ್ದರಿಂದ ನೋಟಿಸಿನ ಒಕ್ಕಣೆಯನ್ನು ಮೊದಲು ಓದಬೇಕು. ಹೈಕೋರ್ಟ್‌ನ ಪೀಠವೂ 2013ರಿಂದ ಧಾರವಾಡದಲ್ಲಿ ಕಾಯಂ ಆಗಿದೆ.